ಮಂಜರಾಬಾದಿನ ಮೆಟ್ಟಿಲುಗಳ ಮೇಲೆ

ಪಾದರಸದ ವಾಯುಭಾರಮಾಪಕವನ್ನು ಚಿತ್ರದಲ್ಲಷ್ಟೆ ಕಂಡಿರುವ ವಿದ್ಯಾರ್ಥಿಗಳು ಸಕಲೇಶಪುರ, ಆಲೂರಿನ ಗುಡ್ಡಗಾಡಿನಲ್ಲಿ ಇಲ್ಲದಿಲ್ಲ. ಅವರ ಮನೆಯ ಮೊಬೈಲಿನಲ್ಲಿಯೇ ಒತ್ತಡವನ್ನು ಅಳೆಯುವ ಸಂವೇದಕವಿರಬಹುದು. ಎಲ್ಲ ಫೋನುಗಳಲ್ಲಿ ಅಲ್ಲ, ಕೆಲವುಗಳಲ್ಲಿ. ಅದನ್ನು ಪಾಠಕ್ಕೆ ಬಳಸದಿರುವುದು ನಷ್ಟವೆಂದೇ ನಮ್ಮ ಮತ. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾನಿಲಯದವರು 2016ರಲ್ಲಿ ಹೊರತಂದ ‘ಫೈಫಾಕ್ಸ್’ ಎಂಬ ಉಚಿತ ತಂತ್ರಾಂಶವು ಅದರ ಅಂಕಿಗಳನ್ನು ತೆರೆಯ ಮೇಲೆ ತೋರಿಸುತ್ತದೆ.

ಟಿಪ್ಪುಸುಲ್ತಾನನು ಕಟ್ಟಿಸಿದ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಗೆ ಮೆಟ್ಟಿಲೇರುತ್ತ ಹೋದಂತೆ, ಸುಮಾರು ಒಂಬತ್ತೂವರೆ ಮೀಟರಿಗೆ 1 ಹೆಕ್ಟೊಪ್ಯಾಸ್ಕಲಿನಂತೆ ಒತ್ತಡವು ಇಳಿಯುವುದು. ಮೆಟ್ಟಿಲುಗಳನ್ನೆಣಿಸಿ, ಒಂದರ ಎತ್ತರದಿಂದ ಗುಣಿಸಿ ತಾಳೆ ನೋಡಬಹುದು.

ತಾಳೆ ಬೀಳದಿದ್ದರೆ? ಅಲ್ಲಿಯೇ ಪಾಠದ ಸ್ವಾರಸ್ಯವಿರುವುದು. ನಮ್ಮ ಉಷ್ಣವಲಯದಲ್ಲಿ ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಗಾಳಿಯ ಒತ್ತಡವು ತಾನಾಗಿಯೇ ಸುಮಾರು 3 ಹೆಕ್ಟೊಪ್ಯಾಸ್ಕಲಿನಷ್ಟು ಕುಗ್ಗುತ್ತದೆ. ಬುಡದಲ್ಲಿ ಕದಲದೆ ಕುಳಿತ ಹುಡುಗನೂ ಲೆಕ್ಕದಲ್ಲಿ 28 ಮೀಟರು ಮೇಲೇರಿಬಿಡುತ್ತಾನೆ! ಎತ್ತರವನ್ನು ನೇರವಾಗಿ ಹೇಳಿಬಿಡುವ ತಂತ್ರಾಂಶಗಳನ್ನು ನಾವು ಒಪ್ಪದಿರುವುದು ಇದಕ್ಕಾಗಿಯೇ. ಫೋನು ಒತ್ತಡವನ್ನಷ್ಟೆ ತಿಳಿಸಲಿ, ಲೆಕ್ಕವು ವಿದ್ಯಾರ್ಥಿಯದಾಗಲಿ. ಇನ್ನೊಂದು ಫೋನನ್ನು ಗೆಳೆಯನ ಕೈಯಲ್ಲಿ ಬುಡದಲ್ಲಿಯೇ ಇರಿಸಿ, ಒಂದೇ ಗಳಿಗೆಯ ಎರಡು ಅಂಕಿಗಳನ್ನು ಹೋಲಿಸಬೇಕು. ಹೊರಡುವ ಮುನ್ನ ಎರಡನ್ನೂ ಒಂದೇ ಮೇಜಿನ ಮೇಲಿರಿಸಿ, ಅವುಗಳೊಳಗಿನ ಭೇದವನ್ನು ಬರೆದುಕೊಳ್ಳುವುದನ್ನು ಮರೆಯಕೂಡದು.