ಹೋಗುವವರಿಗೊಂದು ನ್ಯಾಯ, ಬರುವವರಿಗೊಂದು ನ್ಯಾಯವೇ?

ಮಣ್ಣಗುಡ್ಡ, ಉರ್ವ, ಬೋಳೂರು, ಲೇಡಿಹಿಲ್ ಪರಿಸರದಲ್ಲಿ ಪರವೂರಿನಲ್ಲಿ ದುಡಿಯುವ ಒಬ್ಬ ಸದಸ್ಯನಾದರೂ ಇಲ್ಲದ ಕೆಥೊಲಿಕ್ ಕುಟುಂಬವನ್ನು ಹುಡುಕುವುದು ಸುಲಭವಲ್ಲ. ನಮ್ಮ ಅಜ್ಜಂದಿರ ಕಾಲಕ್ಕೆ ಮುಂಬಯಿ, ತಂದೆಯವರ ಕಾಲಕ್ಕೆ ಕುವೈಟ್, ಬಹರೈನ್, ದುಬಾಯಿ, ಮಸ್ಕತ್. ಮಕ್ಕಳ ಕಾಲಕ್ಕೆ ಇಸ್ರೇಲ್, ಕೆನಡಾ, ಆಸ್ಟ್ರೇಲಿಯ. ಇದೇ ಪರಿಸರದಲ್ಲಿ ಮುಂಜಾನೆ ಕಟ್ಟಡದ ಕೆಲಸಕ್ಕೆ ಹೊರಟು ನಿಂತವರ ಮಾತಿಗೆ ಕಿವಿಗೊಟ್ಟರೆ ಕೇಳಿಸುವುದು ಹಿಂದಿ, ಒಡಿಯಾ, ಬಂಗಾಳಿ ಹಾಗೂ ಬಯಲುಸೀಮೆಯ ಕನ್ನಡ. ಹೀಗೆ ಹೋಗುವವರೂ ಬರುವವರೂ ಒಂದೇ ಬೀದಿಯಲ್ಲಿ ಹಾದುಹೋಗುವ ಊರು ನಮ್ಮದು. ಆದುದರಿಂದ ವಲಸೆಯ ಕಾನೂನಿನ ಸುಧಾರಣೆ ಎಂಬ ವಿಷಯ ದೆಹಲಿಯ ಪಂಡಿತರಿಗೆ ಬಿಟ್ಟುಕೊಡತಕ್ಕದ್ದಲ್ಲ. ಅದು ನಮ್ಮ ಮನೆಯ ವಿಷಯ.

2025ರಲ್ಲಿ ಸಂಸತ್ತು ಈ ದೇಶಕ್ಕೆ ಬರುವ ವಿದೇಶೀಯರ ಕುರಿತು ಹೊಸ ಕಾನೂನೊಂದನ್ನು ಅಂಗೀಕರಿಸಿತು. ವಲಸೆ ಮತ್ತು ವಿದೇಶೀಯರ ಕಾಯಿದೆ ಎಂಬ ಹೆಸರಿನ ಅದು 1920, 1939, 1946 ಮತ್ತು 2000ನೇ ಇಸವಿಗಳ ನಾಲ್ಕು ಹಳೆಯ ಕಾಯಿದೆಗಳನ್ನು ರದ್ದುಪಡಿಸಿ, ಅದೇ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. ಸರಿಯಾದ ಪಾಸ್‌ಪೋರ್ಟ್, ವೀಸಾಗಳಿಲ್ಲದೆ ಒಳಬಂದವನಿಗೆ ಐದು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡೂ. ನಕಲಿ ದಾಖಲೆ ಬಳಸಿದವನಿಗೆ ಎರಡರಿಂದ ಏಳು ವರ್ಷಗಳ ಸೆರೆವಾಸ, ಹತ್ತು ಲಕ್ಷದವರೆಗೆ ದಂಡ. ತನ್ನ ಬಾಗಿಲಿಗೆ ಚಿಲಕ ಹಾಕುವ ಹಕ್ಕು ಮನೆಯ ಯಜಮಾನನಿಗಿರುವಂತೆ ದೇಶಕ್ಕೂ ಇದೆ. ಇದನ್ನು ನಾವು ಆಕ್ಷೇಪಿಸುವುದಿಲ್ಲ. ಬ್ರಿಟಿಷರ ಕಾಲದ ಕಾನೂನುಗಳನ್ನು ಬದಲಿಸಬೇಕಾದ ಅಗತ್ಯವೂ ಇತ್ತು.

ನಮ್ಮ ಪ್ರಶ್ನೆ ಬೇರೆ. ಈ ದೇಶದಿಂದ ಹೊರಗೆ ದುಡಿಯಲು ಹೋಗುವವರ ರಕ್ಷಣೆಗೆ ಇರುವ ಕಾನೂನು ಯಾವ ಸ್ಥಿತಿಯಲ್ಲಿದೆ? ಅದು 1983ರ ವಲಸೆ ಕಾಯಿದೆ. ಅದಕ್ಕೂ ಮುಂಚೆ ಇದ್ದುದು ತೋಟಗಳಿಗೆ ಕೂಲಿಗಳನ್ನು ಸಾಗಿಸುತ್ತಿದ್ದ ಕಾಲದ 1922ರ ಕಾಯಿದೆ. ಕೊಲ್ಲಿ ರಾಷ್ಟ್ರಗಳ ಎಣ್ಣೆಯ ಹಣ ನಮ್ಮ ಯುವಕರನ್ನು ಸೆಳೆಯತೊಡಗಿದ ಮೇಲೆ, ದಲ್ಲಾಳಿಗಳ ಮೋಸ ಮಿತಿಮೀರಿದಾಗ, 1983ರ ಕಾಯಿದೆ ರೂಪುಗೊಂಡಿತು. ಹತ್ತನೆಯ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟಿಗೆ ಇ.ಸಿ.ಆರ್. ಎಂಬ ಗುರುತು ಬಿದ್ದು, ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ನಿಗದಿತ ದೇಶಗಳಿಗೆ ದುಡಿಯಲು ಹೋಗುವಾಗ ಅವರು ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕೆಂಬ ಕ್ರಮ ಈ ವ್ಯವಸ್ಥೆಯದೇ. ಉದ್ದೇಶ ಒಳ್ಳೆಯದು, ಓದುಬರಹ ಕಡಿಮೆಯಾದವನಿಗೆ ಸರಕಾರ ಆಸರೆಯಾಗಲಿ ಎಂಬುದು. ಆದರೆ ಕಾರ್ಯತಃ ನಡೆದುದೇನು? ಅನುಮತಿಯ ಅಲೆದಾಟ ತಪ್ಪಿಸಲು ದಲ್ಲಾಳಿ ಅವನನ್ನು ಸಂದರ್ಶನದ ವೀಸಾದ ಮೇಲೆ ಕಳುಹಿಸುತ್ತಾನೆ. ಆ ಕ್ಷಣದಿಂದ ಅವನು ನಮ್ಮ ಕಾನೂನಿನ ಲೆಕ್ಕದಲ್ಲಿ ಕಾರ್ಮಿಕನೇ ಅಲ್ಲ. ಅವನಿಗೆ ಕರಾರುಪತ್ರವಿಲ್ಲ, ವಿಮೆಯಿಲ್ಲ. ಆ ದೇಶದ ದೃಷ್ಟಿಯಲ್ಲಿ ಅವನೇ ಅಪರಾಧಿ.

ಇನ್ನು ಶಿಕ್ಷೆಯ ಮಾತು. 1983ರ ಕಾಯಿದೆಯಲ್ಲಿ ಪರವಾನಗಿಯಿಲ್ಲದೆ ಜನರನ್ನು ನೇಮಿಸಿ ಕಳುಹಿಸುವವನಿಗೆ, ನಿಯಮ ಮೀರಿ ಹಣ ಕಸಿದುಕೊಳ್ಳುವವನಿಗೆ ವಿಧಿಸಿದ ಗರಿಷ್ಠ ಶಿಕ್ಷೆ ಎರಡು ವರ್ಷಗಳ ಸೆರೆವಾಸ ಮತ್ತು ಎರಡು ಸಾವಿರ ರೂಪಾಯಿ ದಂಡ. ಎರಡು ಸಾವಿರ! ನಿಯಮದಂತೆ ಏಜೆಂಟನು ಒಬ್ಬ ಅಭ್ಯರ್ಥಿಯಿಂದ ಪಡೆಯಬಹುದಾದ ಶುಲ್ಕದ ಮಿತಿಯೇ ಮೂವತ್ತು ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಮನೆ ಅಡವಿಟ್ಟು, ತಾಯಿಯ ಕರಿಮಣಿ ಮಾರಿ ಕೊಡುವ ಮೊತ್ತ ಅದಕ್ಕಿಂತ ಎಷ್ಟು ಪಟ್ಟು ಹೆಚ್ಚೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ನಕಲಿ ಕಾಗದ ಹಿಡಿದು ಒಳಬಂದ ಪರದೇಶಿಗೆ ಹತ್ತು ಲಕ್ಷದ ದಂಡ. ನಮ್ಮ ಮಗನಿಗೆ ಇಲ್ಲದ ಕೆಲಸದ ಆಸೆ ತೋರಿಸಿ ಹೊರಗಟ್ಟಿದವನಿಗೆ ಎರಡು ಸಾವಿರದ ದಂಡ. ವಂಚನೆಯ ಮೊಕದ್ದಮೆಯನ್ನು ಬೇರೆ ಕಾನೂನಿನಡಿ ಹೂಡಬಹುದು ನಿಜ. ಆದರೆ ವಲಸೆಗಾರನ ರಕ್ಷಣೆಗೆಂದೇ ಮಾಡಿದ ಕಾನೂನು ಅವನನ್ನು ಎಷ್ಟು ಅಗ್ಗವಾಗಿ ಎಣಿಸಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? 2019ರಲ್ಲಿ, 2021ರಲ್ಲಿ, ಮತ್ತೆ 2025ರಲ್ಲಿ ಹೊಸ ಮಸೂದೆಯ ಕರಡುಗಳು ಸಾರ್ವಜನಿಕರ ಮುಂದೆ ಬಂದವು. ಆದರೆ ಬರುವವರ ಕಾನೂನು ಒಂದೇ ಅಧಿವೇಶನದಲ್ಲಿ ಅಂಗೀಕಾರ ಪಡೆದ ಆ 2025ನೇ ಇಸವಿ ಮುಗಿಯುವಾಗಲೂ ಹೋಗುವವರ ಕಾನೂನು ಕರಡಾಗಿಯೇ ಉಳಿದಿತ್ತು.

ಈ ತಾರತಮ್ಯಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಬರುವವನ ಭಯ ಮತವನ್ನು ತರುತ್ತದೆ. ಹೋದವನಿಗೆ ಮತವೇ ಇಲ್ಲ. 2010ರಲ್ಲಿ ಜನಪ್ರಾತಿನಿಧ್ಯ ಕಾಯಿದೆಗೆ ತಿದ್ದುಪಡಿ ತಂದು ಅನಿವಾಸಿ ಭಾರತೀಯರಿಗೆ ಮತದಾರರ ಪಟ್ಟಿಯಲ್ಲಿ ಸ್ಥಾನ ಕೊಡಲಾಯಿತು. ಆದರೆ ಮತ ಹಾಕಲು ಊರಿಗೇ ಬರಬೇಕು. ಪ್ರತಿನಿಧಿಯ ಮೂಲಕ ಮತ ಚಲಾಯಿಸುವ ಅವಕಾಶ ಕೊಡುವ ಮಸೂದೆ 2018ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಅಂಗೀಕಾರವಾಯಿತಾದರೂ ರಾಜ್ಯಸಭೆಯನ್ನು ದಾಟದೆ 2019ರಲ್ಲಿ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. 2024ರ ಮಹಾಚುನಾವಣೆಯಲ್ಲಿ ಹೆಸರು ನೋಂದಾಯಿಸಿದ್ದ ಅನಿವಾಸಿ ಮತದಾರರು ಸುಮಾರು 1.19 ಲಕ್ಷ; ಮತ ಹಾಕಿದವರು ಮೂರು ಸಾವಿರಕ್ಕೂ ಕಡಿಮೆ; ಅವರಲ್ಲಿಯೂ ಬಹುತೇಕರು ಕೇರಳದವರು. ವಿದೇಶದಲ್ಲಿ ದುಡಿಯುವವರು 2024-25ರಲ್ಲಿ ಈ ದೇಶಕ್ಕೆ ಕಳುಹಿಸಿದ ಹಣ 135 ಬಿಲಿಯನ್ ಡಾಲರುಗಳಿಗೂ ಮಿಗಿಲು. ಹಣ ವಿಮಾನವೇರದೆಯೇ ಬರುತ್ತದೆ. ಮತ ಮಾತ್ರ ವಿಮಾನವೇರಿ ಬರಬೇಕು! ಆಡಳಿತದಲ್ಲಿದ್ದ ಯಾವ ಪಕ್ಷವೂ ಈ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ.

ನೆರೆಯ ಕೇರಳವನ್ನು ನೋಡಿ ನಾವು ಕಲಿಯಬೇಕಾದುದಿದೆ. ಅಲ್ಲಿ 1996ರಲ್ಲಿಯೇ ಅನಿವಾಸಿ ಕೇರಳೀಯರಿಗಾಗಿ ಪ್ರತ್ಯೇಕ ಇಲಾಖೆ ಹುಟ್ಟಿತು. 2008ರಲ್ಲಿ ಕ್ಷೇಮನಿಧಿಯ ಕಾನೂನೂ ಬಂದು, ಮರಳಿ ಬಂದ ಸಾಮಾನ್ಯ ಕಾರ್ಮಿಕನಿಗೂ ಪಿಂಚಣಿಯ ದಾರಿಯಾಯಿತು. ಅದೇ 2008ರಲ್ಲಿ ನಮ್ಮ ರಾಜ್ಯದಲ್ಲಿ ಸ್ಥಾಪನೆಯಾದುದು ಒಂದು ಅನಿವಾಸಿ ಭಾರತೀಯ ಸಮಿತಿ. ಸಮಿತಿಗೂ ಕಾನೂನಿನ ಬಲವುಳ್ಳ ಕ್ಷೇಮನಿಧಿಗೂ ಇರುವ ಅಂತರ, ಮುಪ್ಪಿನಲ್ಲಿ ಬರಿಗೈಯಲ್ಲಿ ಮರಳಿದವನಿಗೆ ಮಾತ್ರ ಗೊತ್ತು. ಕರಾವಳಿಯ ಎರಡು ಜಿಲ್ಲೆಗಳ ಜನಪ್ರತಿನಿಧಿಗಳು ಇದನ್ನು ವಿಧಾನಸಭೆಯಲ್ಲಿ ಪಕ್ಷಭೇದವಿಲ್ಲದೆ ಕೇಳಬೇಕಾಗಿತ್ತು.

ಇಷ್ಟು ಹೇಳಿದರೆ ನಮ್ಮ ಓದುಗರೆಲ್ಲರೂ ತಲೆದೂಗುವರು. ಇನ್ನು ಮುಂದಿನ ಮಾತು ಅಷ್ಟು ಸುಲಭವಲ್ಲ.

ಪರದೇಶದಲ್ಲಿ ನಮ್ಮವರಿಗೆ ಅವಮಾನವಾದಾಗ ನಾವು ನೊಂದಿದ್ದೇವೆ. 1990ರಲ್ಲಿ ಇರಾಕ್ ಕುವೈಟನ್ನು ಆಕ್ರಮಿಸಿದಾಗ ಜೀವಮಾನದ ಗಳಿಕೆಯನ್ನು ಬಿಟ್ಟು, ಮರುಭೂಮಿ ದಾಟಿ, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನವೇರಿ ಬಂದವರು ನಮ್ಮ ಇಗರ್ಜಿಗಳಲ್ಲಿ ಈಗಲೂ ಇದ್ದಾರೆ. 2020ರಲ್ಲಿ ಅದೇ ಕುವೈಟಿನಲ್ಲಿ, ಭಾರತೀಯರ ಸಂಖ್ಯೆ ಜನಸಂಖ್ಯೆಯ ಶೇಕಡಾ 15ನ್ನು ಮೀರಬಾರದೆಂಬ ಕರಡು ಮಸೂದೆಯ ಸುದ್ದಿ ಬಂದಾಗ ಎಷ್ಟೋ ಮನೆಗಳಲ್ಲಿ ನಿದ್ರೆ ಹಾರಿಹೋಯಿತು. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಮಂದಿ ಭಾರತೀಯರನ್ನು ಕೈಕೋಳ, ಕಾಲ್ಸರಪಳಿಗಳೊಂದಿಗೆ ಅಮೃತಸರಕ್ಕೆ ತಂದಾಗ ಸಂಸತ್ತಿನ ಒಳಗೂ ಹೊರಗೂ ಪ್ರತಿಭಟನೆಗಳಾದವು. ಅವರು ಕಾನೂನು ಮುರಿದಿರಬಹುದು, ಆದರೂ ಮನುಷ್ಯರಲ್ಲವೇ ಎಂದು ನಾವೆಲ್ಲರೂ ಕೇಳಿದೆವು. ಕೇಳಿದ್ದು ನ್ಯಾಯವೇ. ಅದೇ ತಿಂಗಳ 10ರಂದು ದಿವಂಗತ ಪೋಪ್ ಫ್ರಾನ್ಸಿಸ್ ಅಮೆರಿಕದ ಬಿಷಪರುಗಳಿಗೆ ಪತ್ರ ಬರೆದು, ಗಡೀಪಾರಾಗುವವರ ಮಾನವ ಘನತೆಯನ್ನು ನೆನಪಿಸಿದ್ದರು.

ಆ ಪ್ರಶ್ನೆಯನ್ನು ಈಗ ನಮ್ಮ ಅಂಗಳಕ್ಕೆ ತರೋಣ. ಬಂದರಿನಲ್ಲಿ ಮೀನುಗಾರಿಕಾ ದೋಣಿ ಏರುವವರು ಆಂಧ್ರ, ಒಡಿಶಾ, ಜಾರ್ಖಂಡ್ ಕಡೆಯವರು. ನಮ್ಮ ಬಹುಮಹಡಿ ಕಟ್ಟಡಗಳಿಗೆ ಕಲ್ಲು ಹೊರುವವರು ಬಿಹಾರ, ಬಂಗಾಳ, ಉತ್ತರ ಕರ್ನಾಟಕದವರು. ಇವರ ದುಡಿಮೆ ನಮಗೆ ಬೇಕು. ಆದರೆ ಬಾಡಿಗೆಗೆ ಕೋಣೆ ಕೇಳಿದರೆ "ಹೊರಗಿನವರಿಗೆ ಇಲ್ಲ" ಎನ್ನುತ್ತೇವೆ. ಬಂಗಾಳಿ ಮಾತಾಡಿದವನು ಬಾಂಗ್ಲಾದೇಶದವನೇ ಎಂದು ತೀರ್ಪು ಕೊಡುವ ಅಧಿಕಾರವನ್ನು ದಾರಿಹೋಕರೇ ವಹಿಸಿಕೊಳ್ಳುತ್ತಾರೆ. 2025ರ ಏಪ್ರಿಲ್ 27ರಂದು ನಗರದ ಕುಡುಪುವಿನಲ್ಲಿ, ಗುಜರಿ ಹೆಕ್ಕಿ ಬದುಕುತ್ತಿದ್ದ ಕೇರಳದ ವ್ಯಕ್ತಿಯೊಬ್ಬ ಕ್ರಿಕೆಟ್ ಪಂದ್ಯದ ಮೈದಾನದ ಬಳಿ ಗುಂಪಿನ ಹಲ್ಲೆಗೆ ಬಲಿಯಾದನು. ಅವನು ಪರದೇಶದವನೂ ಅಲ್ಲ. ನೆರೆಯ ರಾಜ್ಯದ ಭಾರತೀಯ ಪ್ರಜೆ.

ಇಂತಹ ಅವಸರ ಗುಂಪಿಗೆ ಮಾತ್ರ ಸೀಮಿತವಲ್ಲ. ಅದೇ ವರ್ಷದ ಜೂನ್‌ನಲ್ಲಿ ಪಶ್ಚಿಮ ಬಂಗಾಳದ ಒಬ್ಬ ಗರ್ಭಿಣಿಯನ್ನು ದೆಹಲಿಯಲ್ಲಿ ಹಿಡಿದು, ಬಾಂಗ್ಲಾದೇಶದವಳೆಂದು ಕುಟುಂಬಸಮೇತ ಗಡಿಯಾಚೆಗೆ ಕಳುಹಿಸಲಾಯಿತು. ಕಲ್ಕತ್ತಾ ಹೈಕೋರ್ಟು ಆ ಕ್ರಮವನ್ನು ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿತು. ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದ ಮೇಲೆ ಡಿಸೆಂಬರ್‌ನಲ್ಲಿ ಆಕೆ ತನ್ನ ಪುಟ್ಟ ಮಗನೊಂದಿಗೆ ಮರಳಿ ಬಂದಳು. ಆರು ತಿಂಗಳು! ಪರದೇಶದ ಪೊಲೀಸರು ನಮ್ಮ ಮಗಳೊಬ್ಬಳ ಕಾಗದಪತ್ರಗಳನ್ನು ಸಾವಧಾನವಾಗಿ ನೋಡದೆ ಹೀಗೆ ಮಾಡಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

ಹೊರಗಿನವರು ಎಂಬ ಮಾತು ನಮಗೆ ಹೊಸದಲ್ಲ ಎಂಬುದನ್ನು ಮರೆಯಬಾರದು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಗೋವೆಯ ಯುದ್ಧ, ಕ್ಷಾಮ, ಕಿರುಕುಳಗಳಿಂದ ಪಾರಾಗಲು ತೆಂಕಣಕ್ಕೆ ಇಳಿದು ಬಂದವರು ನಮ್ಮ ಪೂರ್ವಿಕರು. ಕೆಳದಿಯ ಅರಸರು ಅವರಿಗೆ ನೆಲ ಕೊಟ್ಟರು. ಬೇಸಾಯ ಬಲ್ಲವರೆಂದು ಆದರಿಸಿದರು. 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆವಾಸ, ಒಂದು ಸಮುದಾಯವನ್ನು ಇಡಿಯಾಗಿ ಶಂಕಿಸಿದರೆ ಏನಾಗುತ್ತದೆಂಬುದರ ಪಾಠ. ಶಂಕೆ ಆಳುವವನದಾದರೂ ಅದರ ಬೆಲೆ ತೆತ್ತವರು ಹೆಂಗಸರು ಮಕ್ಕಳು. 1966ರಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಕೂಗು ದಕ್ಷಿಣದವರ ವಿರುದ್ಧವಾಗಿತ್ತು. ಮಂಗಳೂರಿನ ಹೋಟೆಲು ಮಾಣಿ, ಟೈಪಿಸ್ಟ್, ಗುಮಾಸ್ತ ಎಲ್ಲರೂ ಅಂದು ಅಲ್ಲಿಯವರ ಅನ್ನ ಕಸಿಯುವವರೆನಿಸಿದರು. ಮರುವರ್ಷವೇ, 1967ರಲ್ಲಿ, ಅದೇ ನಗರದ ದಕ್ಷಿಣ ಕ್ಷೇತ್ರದಿಂದ ಎಸ್. ಕೆ. ಪಾಟೀಲರಂತಹ ಘಟಾನುಘಟಿಯನ್ನು ಸೋಲಿಸಿ ಲೋಕಸಭೆಗೆ ಹೋದವರು ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್. ಕೆಲಸ ಹುಡುಕುತ್ತ ಆ ನಗರಕ್ಕೆ ಹೋಗಿದ್ದ ಯುವಕನನ್ನು ಅಲ್ಲಿನ ಕಾರ್ಮಿಕರು ಹೊರಗಿನವನೆಂದು ತಳ್ಳಲಿಲ್ಲ, ತಮ್ಮವನೆಂದು ಆರಿಸಿದರು. ಒಂದೇ ನಗರ ಒಂದೇ ಕಾಲದಲ್ಲಿ ತೋರಿದ ಎರಡು ಮುಖಗಳಿವು. ನಮ್ಮ ಮಂಗಳೂರು ಯಾವ ಮುಖವನ್ನು ತೋರಬೇಕೆಂಬುದು ನಮ್ಮ ಕೈಯಲ್ಲಿದೆ.

ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನೂ ಪ್ರಸ್ತಾಪಿಸಬೇಕು. 2019ರ ಪೌರತ್ವ ತಿದ್ದುಪಡಿ ಕಾಯಿದೆ ಮೂರು ನೆರೆರಾಷ್ಟ್ರಗಳಿಂದ ಬಂದ ಆರು ಧರ್ಮಗಳ ನಿರಾಶ್ರಿತರಿಗೆ ದಾರಿ ತೆರೆಯಿತು. ಆ ಆರರಲ್ಲಿ ಕ್ರೈಸ್ತರೂ ಇದ್ದಾರೆ. ಅದನ್ನು ವಿರೋಧಿಸಿ ನಡೆದ ಪ್ರತಿಭಟನೆಯ ವೇಳೆ 2019ರ ಡಿಸೆಂಬರ್ 19ರಂದು ನಮ್ಮದೇ ನಗರದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಪಟ್ಟಿಯಲ್ಲಿ ನಮ್ಮ ಹೆಸರಿದೆಯಲ್ಲ, ನಮಗೇಕೆ ಈ ಗೊಡವೆ ಎಂದವರು ನಮ್ಮಲ್ಲಿ ಇಲ್ಲದಿರಲಿಲ್ಲ. ಹಿಂಸೆಗೊಳಗಾಗಿ ಓಡಿಬಂದವರಿಗೆ ಆಶ್ರಯ ಕೊಡುವುದು ಸತ್ಕಾರ್ಯವೇ. ಆದರೆ ನಮ್ಮ ಅಭಿಪ್ರಾಯದಲ್ಲಿ, ಓಡಿಬಂದವನ ಗಾಯವನ್ನು ನೋಡುವ ಮೊದಲು ಅವನ ಧರ್ಮವನ್ನು ಕೇಳುವ ಅಳತೆಗೋಲು, ಇಂದು ನಮಗೆ ಅನುಕೂಲವಾಗಿದ್ದರೂ ನ್ಯಾಯದ ಅಳತೆಗೋಲಾಗಲಾರದು. ಕೊಲ್ಲಿಯ ಯಾವುದಾದರೂ ದೇಶ ನಾಳೆ ವೀಸಾ ಕೊಡುವಾಗ ಇದೇ ಪ್ರಶ್ನೆ ಕೇಳಿದರೆ ನಾವು ಯಾವ ಮುಖದಿಂದ ಆಕ್ಷೇಪಿಸೋಣ?

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಏಕಪಕ್ಷೀಯವಾಗಿಲ್ಲ. 1952ರಲ್ಲಿ ಹನ್ನೆರಡನೆಯ ಭಕ್ತಿನಾಥರು, ಅಂದರೆ ಪೋಪ್ ಪಿಯುಸ್, ವಲಸೆಗಾರರ ಕುರಿತು ಹೊರಡಿಸಿದ ಶಾಸನದಲ್ಲಿ ಹೇರೋದನಿಗೆ ಅಂಜಿ ಈಜಿಪ್ಟಿಗೆ ಓಡಿದ ಪವಿತ್ರ ಕುಟುಂಬವನ್ನೇ ಎಲ್ಲ ನಿರಾಶ್ರಿತರ ಮಾದರಿಯಾಗಿ ಮುಂದಿಟ್ಟರು. ಅನುಕೂಲವುಳ್ಳ ದೇಶಗಳು ಕೈಲಾದಮಟ್ಟಿಗೆ ಪರದೇಶಿಯನ್ನು ಬರಮಾಡಿಕೊಳ್ಳಬೇಕೆಂದೂ, ಸಾರ್ವಜನಿಕ ಹಿತಕ್ಕಾಗಿ ಸರಕಾರ ಷರತ್ತುಗಳನ್ನು ವಿಧಿಸಬಹುದೆಂದೂ, ಬಂದವನು ಆ ನೆಲದ ಕಾನೂನನ್ನು ಗೌರವಿಸಬೇಕೆಂದೂ ಧರ್ಮೋಪದೇಶ ತಿಳಿಸುತ್ತದೆ. ಗಡಿ ಬೇಡವೆಂದು ಅದು ಹೇಳುವುದಿಲ್ಲ. ಗಡಿಯಲ್ಲಿ ನಿಂತವನೂ ಮನುಷ್ಯನೆಂದು ಹೇಳುತ್ತದೆ.

ಹಾಗಾದರೆ ನಾವು ಮಾಡಬೇಕಾದುದೇನು? ಮತ ಕೇಳಲು ಬರುವವರಲ್ಲಿ, ಅವರು ಯಾವ ಪಕ್ಷದವರೇ ಆಗಲಿ, ಮೂರು ಪ್ರಶ್ನೆ ಕೇಳೋಣ: 1983ರ ಕಾಯಿದೆಯ ಸುಧಾರಣೆಗೆ ನೀವೇನು ಮಾಡುವಿರಿ? ಹೊರಗಿರುವ ನಮ್ಮ ಮಕ್ಕಳ ಮತಕ್ಕೆ ದಾರಿ ಯಾವುದು? ಮರಳಿ ಬಂದವರ ಮುಪ್ಪಿಗೆ ರಾಜ್ಯದ ಆಸರೆ ಏನು? ಹೊರಡುವ ಯುವಕರ ತಂದೆತಾಯಂದಿರು ಏಜೆಂಟನ ಪರವಾನಗಿಯನ್ನು ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ಪರಿಶೀಲಿಸದೆ ಹಣ ಕೊಡಬಾರದು. ಇ.ಸಿ.ಆರ್. ಪಾಸ್‌ಪೋರ್ಟಿನವರಿಗೆ ಕೆಲವು ನೂರು ರೂಪಾಯಿಗಳಿಗೆ ಹತ್ತು ಲಕ್ಷದ ಅಪಘಾತ ವಿಮೆ ಒದಗಿಸುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನು ತಪ್ಪಿಸಿ ಸಂದರ್ಶನದ ವೀಸಾದ ಅಡ್ಡದಾರಿ ಹಿಡಿಯಬಾರದು.

ಇನ್ನು ಇಲ್ಲಿಗೆ ಬಂದವರ ವಿಷಯ. ಬಾಡಿಗೆಗೆ ಕೊಡುವಾಗ ಗುರುತಿನ ಪತ್ರ ಕೇಳಿ ಪಡೆಯೋಣ, ಅದು ಕ್ರಮ. ಆದರೆ ಪತ್ರ ತೋರಿಸಿದವನನ್ನು ಮತ್ತೆ ಶಂಕಿಸದಿರೋಣ. ಶಂಕೆಯಿದ್ದರೆ ಠಾಣೆಗೆ ತಿಳಿಸೋಣ; ವಿಚಾರಣೆ ನ್ಯಾಯಾಲಯದ್ದು, ಬೀದಿಯದಲ್ಲ. ದುಡಿಸಿಕೊಂಡವನ ಕೂಲಿಯನ್ನು ಶನಿವಾರ ಸಂಜೆಗೆ ತಪ್ಪದೆ ಕೊಡೋಣ. ಜಾರ್ಖಂಡ್, ಒಡಿಶಾಗಳಿಂದ ಬಂದವರಲ್ಲಿ ನಮ್ಮ ವಿಶ್ವಾಸದವರೂ ಇದ್ದಾರೆ. ಭಾನುವಾರದ ಪೂಜೆಯಲ್ಲಿ ಕೊನೆಯ ಬೆಂಚಿನಲ್ಲಿ ಸಂಕೋಚದಿಂದ ನಿಲ್ಲುವ ಅವರ ಹೆಸರನ್ನಾದರೂ ವಾಳೆಯ ಗುರಿಕಾರರು ವಿಚಾರಿಸಲಿ.

ಕುವೈಟಿನ ಅಧಿಕಾರಿ ನಮ್ಮ ಮಗನನ್ನು ಯಾವ ಕಣ್ಣಿನಿಂದ ನೋಡಬೇಕೆಂದು ನಾವು ಪ್ರಾರ್ಥಿಸುತ್ತೇವೆಯೋ, ಬಂದರಿನ ದಕ್ಕೆಯಲ್ಲಿ ನಿಂತ ಪರವೂರಿನ ತಾಯಿಯ ಮಗನನ್ನು ಅದೇ ಕಣ್ಣಿನಿಂದ ನೋಡುವುದು ನಮ್ಮ ಕರ್ತವ್ಯ. ಹೋಗುವವರಿಗೂ ಬರುವವರಿಗೂ ಒಂದೇ ತಕ್ಕಡಿ ಇರಲಿ. ಅದನ್ನು ದೆಹಲಿಯಿಂದ ಕೇಳುವ ನೈತಿಕ ಹಕ್ಕು ನಮಗೆ ಬರುವುದು, ಮೊದಲು ನಮ್ಮ ಮನೆಯ ಜಗಲಿಯಲ್ಲಿ ಅದನ್ನು ತೂಗುಹಾಕಿದಾಗ.