ತೆರಿಗೆಯಿಲ್ಲದ ಊರಿನ ಬಾಡಿಗೆ



ಈ ಸಲ ಪೇಟೆಯ ಸುದ್ದಿಯನ್ನು ಬದಿಗಿಟ್ಟು ನಮ್ಮ ಮನೆಯ ಸುದ್ದಿಯನ್ನೇ ಬರೆಯುತ್ತಿದ್ದೇವೆ. ಮನೆಯ ಸುದ್ದಿಯೆಂದರೂ ಇದು ಈಗ ಅನೇಕ ಮನೆಗಳಲ್ಲಿ ನಡೆದಿರುವ ಮಾತು. ಕಳೆದ ತಿಂಗಳು ಸೊಲ್ಲಾಪುರದಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಕುಳಿತಾಗ ಅಕ್ಕಪಕ್ಕದ ಇಬ್ಬರು ಇದನ್ನೇ ಎತ್ತಿದರು. ಆದ್ದರಿಂದ ಬರೆಯಬಹುದೆಂದು ಅನಿಸಿತು.

ನಮ್ಮ ತಮ್ಮನ ಮಗ ಎಂಜಿನಿಯರಿಂಗ್ ಮುಗಿಸಿ ಪುಣೆಯಲ್ಲಿ ಮೂರು ವರ್ಷ ನೌಕರಿ ಮಾಡಿದ. 2020ರಲ್ಲಿ ಕರೋನಾ ಬಂದಾಗ ಅಕ್ಕಲಕೋಟೆಗೆ ಬಂದವನು ತಿರುಗಿ ಹೋಗಲಿಲ್ಲ. ಮನೆಯ ಮೇಲಿನ ಕೋಣೆಯಲ್ಲಿ ಕುಳಿತು ಅಮೇರಿಕೆಯ ಒಂದು ಕಂಪನಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತಾನೆ. ಅದು ನೌಕರಿಯಲ್ಲ, ಕರಾರು. ತಿಂಗಳಿಗೊಮ್ಮೆ ಇವನು ಬಿಲ್ಲು ಕಳಿಸುತ್ತಾನೆ, ಅವರು ಡಾಲರಿನಲ್ಲಿ ಬ್ಯಾಂಕಿಗೆ ಹಣ ಹಾಕುತ್ತಾರೆ. ಸಂಜೆ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಮೇಲೆ ಹತ್ತಿದನೆಂದರೆ ನಡುರಾತ್ರಿ ದಾಟಿದ ಮೇಲೆಯೇ ದೀಪ ಆರುವುದು. ಕರೆಂಟು ಹೋದರೆ ಇನ್ವರ್ಟರ್ ಇದೆ. ನಾವು ಅಂಗಡಿಯಲ್ಲಿ ಹನ್ನೆರಡು ತಾಸು ನಿಂತು ಗಳಿಸುವುದಕ್ಕಿಂತ ಹೆಚ್ಚು ಅವನು ಕುರ್ಚಿಯಲ್ಲಿ ಕುಳಿತು ಗಳಿಸುತ್ತಾನೆ. ಇದರಲ್ಲಿ ನಮಗೆ ಹೊಟ್ಟೆಕಿಚ್ಚಿಲ್ಲ, ಆಶ್ಚರ್ಯವಿದೆ.

ಅಕ್ಷಯ ತೃತೀಯೆಯ ದಿನ ಊಟವಾದ ಮೇಲೆ ಅವನು ಮೆಲ್ಲಗೆ ಮಾತು ತೆಗೆದ.

"ದೊಡ್ಡಪ್ಪ, ದೀಪಾವಳಿ ಆದ ಮ್ಯಾಲ ದುಬೈಗೆ ಹೋಗಿ ಇರಬೇಕಂತ ಮಾಡೀನ್ರಿ."

"ಯಾಕಪ್ಪ, ಕಂಪನಿಯವರು ಅಲ್ಲಿಗಿ ಬಾ ಅಂದಾರೇನು?"

"ಇಲ್ರಿ, ಕೆಲಸ ಇದೇ. ಕೂಡೂ ಜಾಗಾ ಅಷ್ಟೇ ಬ್ಯಾರೆ. ಅಲ್ಲಿ ಇನ್‌ಕಮ್ ಟ್ಯಾಕ್ಸ್ ಅನ್ನೂದೇ ಇಲ್ರಿ."

ಅವನ ತಾಯಿ ತಾಟು ಎತ್ತುತ್ತಿದ್ದವರು ಹಾಗೇ ನಿಂತರು. ನಮ್ಮ ತಮ್ಮ ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಅವರು ಏನೂ ಮಾತಾಡಲಿಲ್ಲ. ನಾವು ಮಾತ್ರ "ಕಾಗದಾ ಪೆನ್ನು ತಗೊಂಡು ಬಾ" ಎಂದೆವು. ನಾವು ಓದಿದ್ದು ಮೆಟ್ರಿಕ್ಕಿನವರೆಗೆ. ದೇಶ ವಿದೇಶದ ಕಾಯಿದೆ ನಮಗೆ ಬಾರದು. ಆದರೆ ಜಮಾ ಯಾವುದು, ಖರ್ಚು ಯಾವುದು ಎಂಬುದು ತಿಳಿಯುತ್ತದೆ. ತಿಳಿಯದ ಕಡೆ ನಮ್ಮ ಲೆಕ್ಕ ನೋಡುವ ಸಿ.ಎ. ಅವರನ್ನು ಕೇಳಿದೆವು.

ಮೊದಲು ನೋಡಬೇಕಾದದ್ದು, ಇಲ್ಲಿ ಅವನು ಈಗ ಎಷ್ಟು ತೆರಿಗೆ ಕೊಡುತ್ತಿದ್ದಾನೆ ಎಂಬುದು. ಅದನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ! ವರ್ಷಕ್ಕೆ ಬರುವುದು ಸುಮಾರು 40 ಲಕ್ಷ. ಮೂವತ್ತರ ದರವೆಂದರೆ 12 ಲಕ್ಷ ಹೋಗುತ್ತದೆ ಎಂದು ಗೆಳೆಯರು ಹೇಳಿದ್ದನ್ನೇ ತಲೆಯಲ್ಲಿ ಇಟ್ಟುಕೊಂಡಿದ್ದ. ಫಾರ್ಮು ತುಂಬುವುದು ಸಿ.ಎ., ಸಹಿ ಮಾಡುವುದು ಇವನು.

ನಿಜವಾದ ಲೆಕ್ಕ ಹೀಗಿದೆ. ಇವನಂತೆ ಸ್ವಂತ ವೃತ್ತಿ ಮಾಡುವವರಿಗೆ ಅಂದಾಜು ಆದಾಯದ ಒಂದು ಪದ್ಧತಿ ಇದೆ. ವರ್ಷದ ಜಮೆ 75 ಲಕ್ಷದ ಒಳಗಿದ್ದು, ನಗದು ನೂರಕ್ಕೆ 5ಕ್ಕಿಂತ ಹೆಚ್ಚಿರದಿದ್ದರೆ, ಜಮೆಯ ಅರ್ಧವನ್ನು ಆದಾಯವೆಂದು ತೋರಿಸಿ ಅಷ್ಟಕ್ಕೇ ತೆರಿಗೆ ಕಟ್ಟಬಹುದು. 40 ಲಕ್ಷಕ್ಕೆ ಆದಾಯ 20 ಲಕ್ಷವಾಯಿತು. 2025-26ರ ಹೊಸ ದರದಂತೆ ಮೊದಲ 4 ಲಕ್ಷಕ್ಕೆ ಏನೂ ಇಲ್ಲ. ಮುಂದಿನ ಒಂದೊಂದು 4 ಲಕ್ಷಕ್ಕೆ ನೂರಕ್ಕೆ 5, 10, 15, 20. ಕೂಡಿಸಿದರೆ ಎರಡು ಲಕ್ಷ, ಅದರ ಮೇಲೆ ನೂರಕ್ಕೆ 4ರ ಸೆಸ್. ಒಟ್ಟು 2,08,000 ರೂಪಾಯಿ. ಜಮೆಗೆ ಹೋಲಿಸಿದರೆ ನೂರಕ್ಕೆ ಐದು ರೂಪಾಯಿ ಮೂರಾಣೆ! ಸೇವೆಯನ್ನು ಹೊರದೇಶಕ್ಕೆ ಮಾರಿ ಡಾಲರು ತಂದರೆ ಜಿ.ಎಸ್.ಟಿ.ಯೂ ಬೀಳುವುದಿಲ್ಲ. ಆದರೆ 20 ಲಕ್ಷ ದಾಟಿದ ಮೇಲೆ ನೋಂದಣಿ ಮಾಡಿಸಲೇಬೇಕು.

ಇದೇ 40 ಲಕ್ಷ ಸಂಬಳವೆಂದು ಬರುತ್ತಿದ್ದರೆ 7,87,800 ಆಗುತ್ತಿತ್ತು. ನೌಕರಿಯ ಗೆಳೆಯರು ತಮ್ಮ ಹೊಟ್ಟೆನೋವನ್ನು ಇವನಿಗೂ ಹಚ್ಚಿದ್ದರು.

ಇನ್ನು ದುಬೈಯ ಕಡೆ. ಅವನು ಹೇಳಿದ್ದು ಸುಳ್ಳಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಸಂಬಳದ ಮೇಲೆ ತೆರಿಗೆ ಇಲ್ಲ. ಹೊರದೇಶದ ಕಂಪನಿಯ ಕೆಲಸ ಮಾಡುತ್ತ ಅಲ್ಲಿ ಇರುವವರಿಗೆ ಒಂದು ವರ್ಷದ ವೀಸಾ ಕೊಡುತ್ತಾರೆ, ಅದಕ್ಕೆ ತಿಂಗಳಿಗೆ 3,500 ಡಾಲರ್ ಗಳಿಕೆ ತೋರಿಸಬೇಕು, ಆರೋಗ್ಯ ವಿಮೆ ಬೇಕು. ಆದರೆ ಏನೂ ತೆರಿಗೆಯೇ ಇಲ್ಲ ಎಂಬುದೂ ಈಗ ಪೂರ್ತಿ ನಿಜವಲ್ಲ. ಸರಕಿನ ಮೇಲೆ ನೂರಕ್ಕೆ 5ರ ವ್ಯಾಟ್ 2018ರಲ್ಲಿ ಬಂತು. 2023ರ ಜೂನ್‌ನಿಂದ ವ್ಯಾಪಾರದ ಲಾಭ 3,75,000 ದಿರ್ಹಂ ದಾಟಿದರೆ ಮೇಲಿನದಕ್ಕೆ ನೂರಕ್ಕೆ 9. ಒಂಟಿಯಾಗಿ ಧಂದೆ ಮಾಡುವವನಿಗೆ ವರ್ಷದ ವಹಿವಾಟು 10 ಲಕ್ಷ ದಿರ್ಹಂ ದಾಟುವವರೆಗೆ ಇದು ತಗಲುವುದಿಲ್ಲ. ನಮ್ಮ ಹುಡುಗ ಅಷ್ಟು ದೊಡ್ಡವನಲ್ಲ. ತೆರಿಗೆ ಸೊನ್ನೆ ಎಂದೇ ಹಿಡಿಯೋಣ.

ಅಂದರೆ ಉಳಿಯುವುದು 2,08,000. ಈಗ ಎದುರಿನ ಬದಿ ಬರೆಯಬೇಕು.

ಅವನೇ ಫೋನಿನಲ್ಲಿ ವಿಚಾರಿಸಿ ತಂದ ಬಾಡಿಗೆ, ಹಳೆಯ ಪೇಟೆಯ ಕಡೆ ಒಂದು ಮಲಗುವ ಕೋಣೆಯ ಮನೆಗೆ, ವರ್ಷಕ್ಕೆ 60,000 ದಿರ್ಹಂ. ದಿರ್ಹಂ ಡಾಲರಿಗೆ ಕಟ್ಟಿದ ನಾಣ್ಯ, ಒಂದು ಡಾಲರಿಗೆ 3.67. ಡಾಲರಿಗೆ 88 ರೂಪಾಯಿ ಹಿಡಿದರೂ ದಿರ್ಹಂಗೆ 24 ಆಯಿತು. ಬಾಡಿಗೆಯೇ 14,40,000 ರೂಪಾಯಿ! ಅದನ್ನು ತಿಂಗಳು ತಿಂಗಳು ಕೊಡುವ ರೂಢಿ ಕಡಿಮೆ. ವರ್ಷದ್ದನ್ನು ಒಂದು, ಎರಡು ಇಲ್ಲವೇ ನಾಲ್ಕು ಚೆಕ್ಕಿನಲ್ಲಿ ಮುಂಚಿತವಾಗಿ ಬರೆದುಕೊಡಬೇಕು. ಮುಂದಿನ ತಾರೀಖಿನ ಚೆಕ್ಕು ಎಂದರೇನೆಂದು ವ್ಯಾಪಾರಸ್ಥರಿಗೆ ಹೇಳಬೇಕಿಲ್ಲ. ಮೇಲೆ ಬಾಡಿಗೆಯ ನೂರಕ್ಕೆ 5ರಷ್ಟು ನಗರಸಭೆಯ ಶುಲ್ಕ ಕರೆಂಟು ನೀರಿನ ಬಿಲ್ಲಿನಲ್ಲೇ ಸೇರಿ ಬರುತ್ತದೆ, ಅದೊಂದು 72,000. ಊಟ, ವಿಮೆ, ವೀಸಾ, ವಿಮಾನ ಇನ್ನೂ ಬರೆದಿಲ್ಲ. ಇಲ್ಲಿ ಅವನು ತಾಯಿಯ ಕೈಯ ರೊಟ್ಟಿ ತಿಂದು ಸ್ವಂತ ಮನೆಯಲ್ಲಿದ್ದಾನೆ.

ಎರಡು ಲಕ್ಷ ಉಳಿಸಲು ಹದಿನೈದು ಲಕ್ಷ.

ಹುಡುಗ ಕಾಗದವನ್ನು ತನ್ನ ಕಡೆ ಎಳೆದುಕೊಂಡು ಎರಡು ಸಲ ನೋಡಿದ. "ಹಂಗಾದ್ರ ಬ್ಯಾರೆ ದೇಶ ನೋಡ್ತೀನ್ರಿ" ಎಂದ. ಅವನ ಫೋನಿನಲ್ಲಿ ಯಾದಿಯೇ ಇತ್ತು. ಪೋರ್ಚುಗಲ್ ಎಂದ. ಆ ದೇಶ 2009ರಲ್ಲಿ ಹೊರಗಿನಿಂದ ಬಂದು ನೆಲೆಸುವವರಿಗೆ ಹತ್ತು ವರ್ಷದ ಮಟ್ಟಿಗೆ ರಿಯಾಯಿತಿ ತಂದಿತ್ತು, ಕೆಲವು ವೃತ್ತಿಗಳಿಗೆ ನೂರಕ್ಕೆ 20 ಅಷ್ಟೇ. ಊರಿನವರಿಗೆ ಮನೆ ಸಿಗದಂತಾಯಿತೆಂದು ಗದ್ದಲವಾಗಿ 2024ರಿಂದ ಹೊಸಬರಿಗೆ ಆ ಬಾಗಿಲು ಮುಚ್ಚಿತು, ಈಗ ಬೇರೆ ನಿಯಮ, ಬೇರೆ ಷರತ್ತು. ಜಾರ್ಜಿಯಾ ಎಂದ. ಅಲ್ಲಿ ಸಣ್ಣ ಧಂದೆಯವರಿಗೆ 5 ಲಕ್ಷ ಲಾರಿಯ ವಹಿವಾಟಿನವರೆಗೆ ನೂರಕ್ಕೆ 1 ಮಾತ್ರ. ಆದರೆ ಸಲಹೆ ಕೊಡುವ ವೃತ್ತಿಯನ್ನು ಅದರಿಂದ ಹೊರಗಿಟ್ಟಿದ್ದಾರೆ. ತನ್ನ ಕರಾರಿನಲ್ಲಿ ಏನೆಂದು ಬರೆದಿದೆ ಎಂದು ಕೇಳಿದರೆ ಅವನು ತಲೆ ಕೆರೆದುಕೊಂಡ.

ಈ ಮಾತಿನ ನಡುವೆ ನಮಗೆ ನಮ್ಮ ತೀರ್ಥರೂಪರ ಆಳಂದದ ಗೋದಾಮು ನೆನಪಾಯಿತು. ಗಡಿಯ ಮೇಲೆ ವ್ಯಾಪಾರ ಮಾಡಿದವರಿಗೆಲ್ಲ ಇಂಥದೊಂದು ಕತೆ ಇರುತ್ತದೆ. 1988ರ ಸುಮಾರಿಗೆ ಒಂದೆರಡು ಸರಕಿನ ಮೇಲೆ ಆಚೆಯ ರಾಜ್ಯದಲ್ಲಿ ಸೇಲ್ಸ್ ಟ್ಯಾಕ್ಸ್ ಕಡಿಮೆ ಎಂದು ಯಾರೋ ಹೇಳಿದರು. ತಂದೆಯವರು ಅಲ್ಲಿ ಗೋದಾಮು ಹಿಡಿದು ಒಬ್ಬ ಗುಮಾಸ್ತನನ್ನಿಟ್ಟರು. ವಾರದಲ್ಲಿ ಎರಡು ದಿನ ತಾವೂ ಹೋಗಿ ಕೂಡುತ್ತಿದ್ದರು. ಉಳಿಯುತ್ತಿದ್ದದ್ದು ಕಿರ್ದಿಯಲ್ಲಿ ಕಾಣುತ್ತಿತ್ತು. ಬಾಡಿಗೆ, ಕಾವಲು, ಚೆಕ್ ಪೋಸ್ಟಿನಲ್ಲಿ ಗಾಡಿ ನಿಂತದ್ದು ಬೇರೆ ಬೇರೆ ಖಾತೆಗೆ ಬೀಳುತ್ತಿದ್ದುದರಿಂದ ಒಟ್ಟಿಗೆ ಕಾಣುತ್ತಿರಲಿಲ್ಲ. ಎರಡು ವರ್ಷದ ಮೇಲೆ ಕೂಡಿಸಿ ನೋಡಿದಾಗ ಕೈಯಿಂದಲೇ ಹೋಗಿತ್ತು. ಅದಕ್ಕಿಂತ ಹೆಚ್ಚಿನದೆಂದರೆ, ತಂದೆಯವರು ಗದ್ದಿಗೆಯ ಮೇಲೆ ಇರದ ಆ ಎರಡು ದಿನಗಳಲ್ಲಿ ನಮ್ಮ ಹಳೆಯ ಗಿರಾಕಿಗಳು ಎದುರಿನ ಅಂಗಡಿಯ ಮೆಟ್ಟಿಲು ಹತ್ತಿದ್ದರು. ಅದಕ್ಕೆ ಯಾವ ಖಾತೆಯೂ ಇರಲಿಲ್ಲ. ಗಡಿಯ ಚೆಕ್ ಪೋಸ್ಟುಗಳು 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ಹೋದವು.

ಇನ್ನು ದಿನಗಳ ಲೆಕ್ಕ. ಯಾರಾದರೂ ಹೋಗುವುದೇ ಆದರೆ ಇದನ್ನು ತಪ್ಪದೆ ನೋಡಬೇಕು. ವೀಸಾ ಎಲ್ಲಿಯದು ಎಂಬುದರ ಮೇಲೆ ನಮ್ಮ ಸರಕಾರದ ತೆರಿಗೆ ನಿಂತಿಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಈ ನೆಲದ ಮೇಲೆ ಎಷ್ಟು ದಿನ ಇದ್ದಿರಿ ಎಂಬುದರ ಮೇಲೆ ನಿಂತಿದೆ. 182 ದಿನ ತುಂಬಿದರೆ ಆ ವರ್ಷ ಎಲ್ಲಿ ಗಳಿಸಿದ್ದಕ್ಕೂ ಇಲ್ಲಿ ತೆರಿಗೆ. ಏಪ್ರಿಲ್ ಒಂದರಿಂದ ಎಣಿಸಿದರೆ ಸಪ್ಟೆಂಬರ್ ಕೊನೆಗೆ 183 ದಿನ. ಇವನು ದೀಪಾವಳಿ ಮುಗಿಸಿಕೊಂಡು ಹೋಗುತ್ತೇನೆ ಎಂದಿದ್ದ! ಹಾಗೆ ಹೋದರೆ ದುಬೈಯ ಬಾಡಿಗೆಯೂ ಕಟ್ಟಬೇಕು, ಆ ವರ್ಷದ ಇಲ್ಲಿಯ ತೆರಿಗೆಯೂ ಕಟ್ಟಬೇಕು.

ಅಂಗಡಿ, ಮನೆಗಳ ಬಾಡಿಗೆ ಬರುವ ದೊಡ್ಡ ಕುಟುಂಬದವರಿಗೆ ಇನ್ನೊಂದು ಮಾತು. ಇಲ್ಲಿಯ ಆದಾಯ 15 ಲಕ್ಷ ದಾಟಿದವರು ಊರಿಗೆಂದು ಬಂದು 120 ದಿನ ನಿಂತರೂ, ಹಿಂದಿನ ನಾಲ್ಕು ವರ್ಷದಲ್ಲಿ 365 ದಿನ ಇಲ್ಲಿದ್ದಿದ್ದರೆ, ನಿವಾಸಿ ಎಂದೇ ಗಣನೆ. ಯಾವ ದೇಶದಲ್ಲೂ ತೆರಿಗೆ ಕಟ್ಟಬೇಕಾಗದ ಅಂಥ ನಾಗರಿಕನನ್ನು ಇಲ್ಲಿಯ ನಿವಾಸಿ ಎಂದು ಹಿಡಿಯುವ ನಿಯಮವೂ 2020ರಲ್ಲಿ ಬಂದಿದೆ. ಇವರಿಬ್ಬರಿಗೂ ಹೊರಗಿನ ಎಲ್ಲ ಗಳಿಕೆಗೂ ತೆರಿಗೆ ಬೀಳುವುದಿಲ್ಲವಾದರೂ ಸಿ.ಎ. ಅವರನ್ನು ಕೇಳದೆ ಹೆಜ್ಜೆ ಇಡಬಾರದು. ಹೊರದೇಶದ ನಿವಾಸಿಯಾದ ಮೇಲೆ ಇಲ್ಲಿಯ ಉಳಿತಾಯ ಖಾತೆಯನ್ನು ಎನ್.ಆರ್.ಒ. ಖಾತೆಯಾಗಿ ಬದಲಿಸಬೇಕು. ಹೆಸರಿನಲ್ಲಿರುವ ಮಳಿಗೆಯ ಬಾಡಿಗೆ ಕೊಡುವವನು ನೂರಕ್ಕೆ 30ಕ್ಕಿಂತ ಹೆಚ್ಚು ಮುರಿದುಕೊಂಡು ಸರಕಾರಕ್ಕೆ ತುಂಬಬೇಕು. ನಮ್ಮ ಪೇಟೆಯ ಬಾಡಿಗೆದಾರರು ಇದನ್ನು ಕೇಳಿದರೆ ಮಳಿಗೆಯನ್ನೇ ಬಿಟ್ಟಾರು.

ವರ್ಷಕ್ಕೆ ಎರಡು ಮೂರು ಕೋಟಿ ಗಳಿಸುವವರ ಲೆಕ್ಕ ಬೇರೆ ಎಂಬುದನ್ನು ಒಪ್ಪುತ್ತೇವೆ. ಅವರಿಗೆ ಅಂದಾಜಿನ ಪದ್ಧತಿ ಇಲ್ಲ, ಮೇಲೆ ಸರ್‌ಚಾರ್ಜ್. ಅವರಿಗೆ ಹದಿನೈದು ಲಕ್ಷದ ಬಾಡಿಗೆ ಭಾರವಲ್ಲ. ಅಂಥವರು ಹೋದರೆ ತಪ್ಪೆನ್ನಲಾಗದು.

ಇಷ್ಟಾದ ಮೇಲೆ ನಾವು ಗೆದ್ದೆವೆಂದೇ ತಿಳಿದು ಅಡಿಕೆ ಡಬ್ಬಿಗೆ ಕೈ ಹಾಕಿದೆವು. ಹುಡುಗ ಏಳಲಿಲ್ಲ. ತಾಯಿ ಒಳಗೆ ಹೋದದ್ದನ್ನು ನೋಡಿ ಸಣ್ಣ ದನಿಯಲ್ಲಿ ಹೇಳಿದ.

"ದೊಡ್ಡಪ್ಪ, ಟ್ಯಾಕ್ಸಿಂದು ಬಿಡ್ರಿ. ನಂಗ ಮೂವತ್ತೊಂದು ತುಂಬ್ತು. ಮೂರು ಕಡಿ ಕೇಳಿದ್ವಿ. ಹುಡುಗ ಎಲ್ಲಿರ್ತಾನ ಅಂತ ಕೇಳ್ತಾರ, ಅಕ್ಕಲಕೋಟಿ ಅಂದಕೂಡ್ಲೆ ಫೋನ್ ಇಡ್ತಾರ. ದುಬೈ ಅಂದ್ರ ಎರಡು ಮಾತಾದ್ರೂ ಆಡ್ತಾರ್ರಿ."

"ಗಳಿಕಿ ಎಷ್ಟಂತ ಹೇಳಲಿಲ್ಲೇನು?"

"ಹೇಳೀವ್ರಿ. ಮನ್ಯಾಗ ಕೂತು ಮಾಡೂದು ಎಂಥಾ ನೌಕರಿ ಅಂತಾರ." ಸ್ವಲ್ಪ ಹೊತ್ತು ಸುಮ್ಮನಿದ್ದು ಅವನೇ ಅಂದ, "ಅಕ್ಕನ್ನ ಕೊಡೂ ಮುಂದ ನೀವೂ ಊರು ನೋಡೇ ಕೊಟ್ರಲ್ರಿ."

ಅವನು ಹೇಳಿದ್ದು ನಿಜ. 2014ರಲ್ಲಿ ನಮ್ಮ ಮಗಳಿಗೆ ದುಧನಿಯ ಒಂದು ಅಡತಿ ಅಂಗಡಿಯ ಮನೆಯಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗ ಶೀಲವಂತ, ಮನೆತನ ಗೊತ್ತಿದ್ದದ್ದು. ಮಗಳು ಪದವೀಧರೆ, ಅಷ್ಟು ಸಣ್ಣ ಊರಿನಲ್ಲಿ ಹೇಗಿರುತ್ತಾಳೆ ಎಂದು ನಾವೇ ಬೇಡವೆಂದು ಪುಣೆಗೆ ಕೊಟ್ಟೆವು. ಅವಳು ಸುಖವಾಗಿದ್ದಾಳೆ. ಆ ದುಧನಿಯ ಹುಡುಗನಿಗೆ ಮದುವೆಯಾಗಲು ಮತ್ತೆ ಆರು ವರ್ಷ ಹಿಡಿಯಿತು. ನಮ್ಮ ಹತ್ತಿರ ಉತ್ತರವಿರಲಿಲ್ಲ.

ಹೋಗಬೇಡ ಎಂದು ನಾವು ಅವನಿಗೆ ಹೇಳಿಲ್ಲ. ಹೋಗುವುದಾದರೆ ಮುಂದಿನ ವರ್ಷ ಏಪ್ರಿಲ್‌ನಲ್ಲೇ ಹೋಗು, ಮೊದಲು ಒಂದು ತಿಂಗಳು ಇದ್ದು ನೋಡಿ ಬಾ, ಚೆಕ್ಕು ಬರೆಯುವುದು ಆಮೇಲೆ ಎಂದೆವು. ಅದಕ್ಕೆ ಒಪ್ಪಿದ್ದಾನೆ. ಪಾಸ್‌ಪೋರ್ಟ್ ಹೊಸದು ಮಾಡಿಸಿದ್ದಾನೆ. ಅವನ ತಾಯಿ ಆ ದಿನದಿಂದ ಪಾಸ್‌ಪೋರ್ಟಿನ ಮಾತು ಬಂದರೆ ಅಡಿಗೆ ಮನೆಗೆ ಎದ್ದು ಹೋಗುತ್ತಾರೆ.

ಕಳೆದ ವಾರ ಅವರೇ ಈ ಪತ್ರಿಕೆಯ ವಧು-ವರರ ಪುಟಕ್ಕೆ ಕಳಿಸಲು ಫಾರ್ಮು ತುಂಬುತ್ತಿದ್ದರು. ಆ ಪುಟದ ಹಳೆಯ ಸಂಚಿಕೆಗಳನ್ನು ನಾವೂ ತೆಗೆದು ನೋಡಿದೆವು. ಪುಣೆ, ಬೆಂಗಳೂರು, ವಿದೇಶದ ವರನೇ ಬೇಕೆಂದು ಬರೆದವರಲ್ಲಿ ಅರ್ಧಕ್ಕೆ ಅರ್ಧ ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ವ್ಯಾಪಾರಸ್ಥರೇ. ಸದ್ಯದ ವಾಸ ಎಂಬ ಸಾಲಿಗೆ ಬಂದು ಅವರು ನಮ್ಮ ಮುಖ ನೋಡಿದರು. ನಾವು ಅಕ್ಕಲಕೋಟೆ ಎಂದೇ ಬರೆಯಲು ಹೇಳಿದೆವು. ಅದರ ಕೆಳಗೆ, ವರ್ಷದ ಗಳಿಕೆಯ ಎದುರು, ಸ್ವಂತ ಮನೆಯಲ್ಲಿ ವಾಸ ಎಂದು ನಾವೇ ಕೈಯಿಂದ ಸೇರಿಸಿದೆವು. ಮುಂದಿನ ಸಂಚಿಕೆಯಲ್ಲಿ ಅದು ಬರುತ್ತದೆ.