ಚಿತ್ರಕಲೆ, ಕಮ್ಯುನಿಟಿ ಕಾಲೇಜು ಮತ್ತು ನಮ್ಮವರ 'ಎರಡು ಪ್ಲಸ್ ಎರಡು' ಲೆಕ್ಕ

ನಮ್ಮವರು ನಾಲ್ಕು ಜನ ಸೇರಿದ ಕಡೆ "ಮಗಳು ಯಾವ ಕಾಲೇಜು?" ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಇಲ್ಲಿ ಬೇ ಏರಿಯಾದಲ್ಲಂತೂ ಕನ್ನಡ ಕೂಟದ ಊಟದ ಸಾಲಿನಲ್ಲೇ, ಬಿಸಿಬೇಳೆಬಾತ್ ತಟ್ಟೆಗೆ ಬೀಳೋ ಮುಂಚೆಯೇ. ಬರ್ಕ್ಲಿ ಅಂದರೆ ಕೇಳಿದವರ ಮುಖ ಅರಳುತ್ತೆ. ಸ್ಯಾನ್ ಹೊಸೆ ಸ್ಟೇಟ್ ಅಂದರೆ "ಹತ್ತಿರ ಆಯ್ತು ಬಿಡಿ" ಅಂತಾರೆ. "ಕಮ್ಯುನಿಟಿ ಕಾಲೇಜು, ಫೈನ್ ಆರ್ಟ್ಸ್" ಅಂದುಬಿಟ್ಟರೆ ಮುಗೀತು, ಅಯ್ಯೋ ಪಾಪ ಅನ್ನೋ ಹಾಗೆ ನೋಡಿ ಉಪ್ಪಿನಕಾಯಿ ಕಡೆ ತಿರುಗುತ್ತಾರೆ :-)

ನನ್ನ ಅಭಿಪ್ರಾಯ ಬೇರೆ. ಚಿತ್ರಕಲೆ ಓದಬೇಕು ಅನ್ನೋ ಮಕ್ಕಳಿಗೆ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಎರಡು ವರ್ಷಕ್ಕೆ ಕಮ್ಯುನಿಟಿ ಕಾಲೇಜಿಗಿಂತ ಒಳ್ಳೆಯ ಜಾಗ ಕಷ್ಟ. ಆದರೆ ಅದನ್ನು ಒಪ್ಪಿಕೊಂಡ ಅಪ್ಪ-ಅಮ್ಮಂದಿರು ಹಾಕೋ ಲೆಕ್ಕ ಇದೆಯಲ್ಲ, "ಎರಡು ವರ್ಷ ಇಲ್ಲಿ, ಎರಡು ವರ್ಷ ಯೂನಿವರ್ಸಿಟಿ, ದುಡ್ಡು ಉಳೀತು" ಅಂತ, ಅದು ಕಂಪ್ಯೂಟರ್ ಸೈನ್ಸ್ ಓದೋರಿಗೆ ಹೊಂದಬಹುದೇನೋ, ಕುಂಚ ಹಿಡಿದೋರಿಗೆ ಅಷ್ಟು ಸಲೀಸಾಗಿ ಹೊಂದೋದಿಲ್ಲ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಈ ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್, 2012ರಿಂದ ಅಷ್ಟೇ ಇದೆ. ಟ್ರಾನ್ಸ್‌ಫರ್‌ಗೆ ಬೇಕಾದ 60 ಯೂನಿಟ್ಟಿಗೆ 2,760 ಡಾಲರ್. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ ಒಂದೇ ವರ್ಷದ ಫೀಸು 14,000 ದಾಟುತ್ತೆ. ಖಾಸಗಿ ಕಲಾಶಾಲೆಗಳ ಮಾತು ಬೇಡವೇ ಬೇಡ. ಫೀಸು ಹೋಗಲಿ, ಶಾಲೆಯೇ ಉಳಿಯೋ ಖಾತ್ರಿ ಇಲ್ಲ. 1871ರಲ್ಲಿ ಶುರುವಾದ ಸ್ಯಾನ್ ಫ್ರಾನ್ಸಿಸ್ಕೋ ಆರ್ಟ್ ಇನ್‌ಸ್ಟಿಟ್ಯೂಟ್ 2022ರಲ್ಲಿ ಬಾಗಿಲು ಹಾಕಿತು. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ 2024ರ ಜೂನ್‌ನಲ್ಲಿ ಒಂದು ವಾರದ ಮುನ್ಸೂಚನೆ ಕೊಟ್ಟು ಮುಚ್ಚಿಹೋಯಿತು. ಆ ಮಕ್ಕಳ ಗತಿ ಯೋಚಿಸಿ.

"ಅಲ್ಲಿ ಎಂಥಾ ಕಲೆ ಕಲಿಸ್ತಾರೆ?" ಅನ್ನೋರಿಗೆ ಒಂದೆರಡು ಮಾತು. ಡಿಯಾಗೊ ರಿವೆರಾ 1940ರಲ್ಲಿ ಟ್ರೆಷರ್ ಐಲ್ಯಾಂಡಿನಲ್ಲಿ ಜನರ ಕಣ್ಣೆದುರೇ ಬರೆದ 'ಪ್ಯಾನ್ ಅಮೆರಿಕನ್ ಯೂನಿಟಿ' ಎಂಬ ದೊಡ್ಡ ಭಿತ್ತಿಚಿತ್ರ ಯಾರ ಸ್ವತ್ತು ಗೊತ್ತೇ? ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೋದ್ದು, ಅಂದರೆ ಕಮ್ಯುನಿಟಿ ಕಾಲೇಜಿನದ್ದು! 2021ರಲ್ಲಿ ದೊಡ್ಡ ಮ್ಯೂಸಿಯಂನವರು ಅದನ್ನು ಇವರಿಂದ ಎರವಲು ತಂದು ಪ್ರದರ್ಶಿಸಿದ್ದರು. ಕೇಕು, ಪೈಗಳ ಚಿತ್ರಕ್ಕೆ ಹೆಸರಾದ ವೇಯ್ನ್ ಥೀಬೋ, ಯೂಸಿ ಡೇವಿಸ್‌ಗೆ ಹೋಗುವ ಮುಂಚೆ 1950ರ ದಶಕದಲ್ಲಿ ಸ್ಯಾಕ್ರಮೆಂಟೊದ ಜೂನಿಯರ್ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದರು. ಡೇವಿಸ್‌ನಲ್ಲೇ ಮುಂದೆ ಅವರ ಸಹೋದ್ಯೋಗಿಯಾದ ಮಣ್ಣಿನ ಶಿಲ್ಪಿ ರಾಬರ್ಟ್ ಆರ್ನಸನ್ ಕಾಲೇಜ್ ಆಫ್ ಮರಿನ್ ಅನ್ನೋ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಮುಂದಕ್ಕೆ ಹೋದವರು.

ನನಗೆ ಇವೆಲ್ಲಕ್ಕಿಂತ ಇಷ್ಟವಾಗೋದು ಅಲ್ಲಿನ ಕ್ಲಾಸ್‌ರೂಮು. ಮೂರು ಯೂನಿಟ್ಟಿನ ಡ್ರಾಯಿಂಗ್ ಕ್ಲಾಸು ಅಂದರೆ ಸಾಮಾನ್ಯವಾಗಿ ವಾರಕ್ಕೆ ಆರು ಗಂಟೆ ಈಸಲ್ ಮುಂದೆ ನಿಲ್ಲಬೇಕು. ಬಿಳಿ ಬಣ್ಣ ಬಳಿದ ಡಬ್ಬ, ಬಾಟಲಿ, ಮಡಿಕೆ ಬಿದ್ದ ಬಟ್ಟೆ ಇಟ್ಟು ಇದ್ದಿಲಿನಲ್ಲಿ ಬರೆಯೋದು, ಅಳಿಸೋದು, ಮತ್ತೆ ಬರೆಯೋದು. ಸೇರೋಕೆ ಪ್ರವೇಶ ಪರೀಕ್ಷೆ ಇಲ್ಲ, ಪೋರ್ಟ್‌ಫೋಲಿಯೊ ಕೇಳೋರಿಲ್ಲ. ಪಕ್ಕದಲ್ಲಿ ನಿಂತವರು ಎಪ್ಪತ್ತು ವರ್ಷದ ನಿವೃತ್ತ ನರ್ಸ್ ಇರಬಹುದು, ರಾತ್ರಿ ಪಾಳಿ ಮುಗಿಸಿ ಬಂದ ಗೋದಾಮಿನ ಹುಡುಗ ಇರಬಹುದು. ಎಲ್ಲರ ಚಿತ್ರಗಳನ್ನೂ ಗೋಡೆಗೆ ಚುಚ್ಚಿ ವಿಮರ್ಶೆ ಮಾಡುವಾಗ "ನಿನ್ನ ಬಾಟಲಿ ಗಾಳಿಯಲ್ಲಿ ತೇಲ್ತಾ ಇದೆ ಮಗು" ಅಂತ ಆ ಅಜ್ಜಿ ಹೇಳಿದರೆ ಹದಿನೆಂಟರ ಹುಡುಗಿ ಕೇಳಿಸಿಕೊಳ್ಳುತ್ತಾಳೆ. ಅಪ್ಪ ಹೇಳಿದ್ದರೆ ಕೇಳ್ತಿದ್ದಳೇ? ಇದು ತನಗೆ ಒಗ್ಗೋದಿಲ್ಲ ಅಂತ ಆರು ತಿಂಗಳಲ್ಲಿ ಅವಳಿಗೆ ಗೊತ್ತಾದರೂ ಯಾರ ಮನೆಯೂ ಮುಳುಗೋದಿಲ್ಲ, ಅದೂ ಒಂದು ಲಾಭ.

ಇನ್ನು ತೊಡಕಿನ ವಿಷಯ. ಊರಲ್ಲಿ ಪಿಯುಸಿ ಮುಗಿಸಿ ಚಿತ್ರಕಲಾ ಪರಿಷತ್ತಿಗೋ ಮೈಸೂರಿನ ಕಾವಾಕ್ಕೋ ಸೇರಿದವರು ಮೊದಲ ವರ್ಷದಿಂದಲೇ ಚಿತ್ರಕಲೆಯ ವಿದ್ಯಾರ್ಥಿಗಳು. ಇಲ್ಲಿ ಹಾಗಲ್ಲ. ಟ್ರಾನ್ಸ್‌ಫರ್ ಆಗೋ ಮುಂಚೆ ಇಂಗ್ಲಿಷು, ಗಣಿತ, ವಿಜ್ಞಾನ, ಇತಿಹಾಸ ಎಲ್ಲ ಸೇರಿ ಹತ್ತು ಹನ್ನೆರಡು ಕೋರ್ಸು ತೀರಿಸಬೇಕು. ಕೌನ್ಸೆಲರ್‌ಗಳು ಮೊದಲು ಅದನ್ನೇ ಮುಗಿಸು ಅಂತಾರೆ, ಯಾಕೆಂದರೆ ಅದು ಎಲ್ಲಿಗೆ ಹೋದರೂ ಚಲಾವಣೆ ಆಗೋ ನಾಣ್ಯ. ನನ್ನ ಸ್ನೇಹಿತರೊಬ್ಬರ ಮಗಳು ಹಾಗೇ ಮಾಡಿದಳು. 60 ಯೂನಿಟ್ ಆಯ್ತು, ಒಳ್ಳೆ ಗ್ರೇಡು, ಸೀಟೂ ಸಿಕ್ಕಿತು. ಆದರೆ ಸ್ಟುಡಿಯೋ ಕ್ಲಾಸು ತೊಗೊಂಡಿದ್ದು ಮೂರೇ ಮೂರು. ಹೆಸರಿಗೆ ಮೂರನೇ ವರ್ಷದವಳು, ಕೂತಿದ್ದು ಮೊದಲ ವರ್ಷದವರ ಜೊತೆ ಟೂ-ಡಿ ಡಿಸೈನ್ ಕ್ಲಾಸಿನಲ್ಲಿ! ಒಂದು ಮುಗಿಯದೆ ಇನ್ನೊಂದು ಕೊಡೋದಿಲ್ಲ, ಹೀಗಾಗಿ ಎರಡರ ಬದಲು ಮೂರು ವರ್ಷ. ಆ ಒಂದು ಹೆಚ್ಚಿನ ವರ್ಷದ ಫೀಸಿನಲ್ಲಿ ಉಳಿಸಿದ ದುಡ್ಡಿನ ಅರ್ಧ ಹೋಯಿತು ಅಂತ ಅವರಪ್ಪ ಈಗಲೂ ಗೊಣಗುತ್ತಾರೆ.

ಇಲ್ಲೊಂದು ವ್ಯತ್ಯಾಸ ತಿಳಿದಿರಬೇಕು. 2010ರ ಕಾನೂನಿನಿಂದ ಬಂದ 'ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್' ಸ್ಟುಡಿಯೋ ಆರ್ಟ್ಸ್‌ಗೂ ಇದೆ. ಅದು ಮುಗಿಸಿದವರಿಗೆ ಕ್ಯಾಲ್ ಸ್ಟೇಟ್ ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಕಡೆ ಜಾಗ ಖಚಿತ. ಆದರೆ ಆ 60 ಪ್ಲಸ್ 60 ಹೊಂದೋದು ಮುಖ್ಯವಾಗಿ ಬಿ.ಎ.ಗೆ. ಬಿ.ಎಫ್.ಎ. ಬೇಕು ಅಂದರೆ ಬಹಳ ಕಡೆ ಪೋರ್ಟ್‌ಫೋಲಿಯೊ ನೋಡಿಯೇ ಒಳಗೆ ಬಿಡೋದು. ಯೂಸಿಎಲ್ಎ ಆರ್ಟ್ ವಿಭಾಗವೂ ಕೇಳುತ್ತೆ. ಯೂನಿಟ್ ಎಷ್ಟಿದ್ದರೇನು, ಹನ್ನೆರಡು ಒಳ್ಳೆ ಚಿತ್ರ ಇಲ್ಲದಿದ್ದರೆ?

ಹಾಗಾಗಿ ನನ್ನ ಸಲಹೆ ಇಷ್ಟು. ಮೊದಲ ಟರ್ಮಿನಲ್ಲೇ ಡ್ರಾಯಿಂಗು, ಟೂ-ಡಿ ಡಿಸೈನು ಎರಡನ್ನೂ ಹಿಡಿಯಲಿ. ಪ್ರತಿ ಟರ್ಮೂ ಎರಡು ಸ್ಟುಡಿಯೋ, ಎರಡು ಸಾಮಾನ್ಯ ಕೋರ್ಸು. ಯಾವ ಕ್ಲಾಸು ಯಾವ ಯೂನಿವರ್ಸಿಟಿಯಲ್ಲಿ ಯಾವುದಕ್ಕೆ ಸಮ ಅನ್ನೋದು ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ಕಾಲೇಜುವಾರು ಸಿಗುತ್ತೆ, ಅಪ್ಪಂದಿರೇ, ಎಕ್ಸೆಲ್ ಶೀಟ್ ಮಾಡೋ ಚಟ ಅಲ್ಲಿ ತೀರಿಸಿಕೊಳ್ಳಿ :-) ಕೌನ್ಸೆಲರ್ ಜೊತೆಗೆ ಡ್ರಾಯಿಂಗ್ ಕಲಿಸೋರನ್ನೂ ವರ್ಷಕ್ಕೊಮ್ಮೆಯಾದರೂ ಕೂತು ಕೇಳಲಿ, "ನನ್ನ ಚಿತ್ರಗಳಲ್ಲಿ ಹೊರಗೆ ಕಳಿಸೋ ಹಾಗಿರೋದು ಎಷ್ಟು?" ಅಂತ. ಇನ್ನೊಂದು: ಲೈಫ್ ಡ್ರಾಯಿಂಗ್, ಸೆರಾಮಿಕ್ಸ್ ಕ್ಲಾಸುಗಳಲ್ಲಿ ಈಸಲ್, ತಿಗರಿ ಎಷ್ಟಿವೆಯೋ ಅಷ್ಟೇ ಸೀಟು. ರಿಜಿಸ್ಟ್ರೇಷನ್ ತೆಗೆದ ದಿನವೇ ಹಾಕಿಬಿಡಬೇಕು. ಸೀಟು ಸಿಗದಿದ್ದರೆ ವೇಟ್‌ಲಿಸ್ಟಿನಲ್ಲಿ ಹೆಸರಿಟ್ಟು ಮೊದಲ ದಿನ ಕ್ಲಾಸಿನ ಬಾಗಿಲಲ್ಲಿ ಹೋಗಿ ನಿಲ್ಲಬೇಕು, ಯಾರಾದರೂ ಒಬ್ಬರು ಬಿಟ್ಟೇ ಬಿಡುತ್ತಾರೆ.